ಮೇಟಿಯಿಂದ ತಲೆಬಾಗಿಲಿಗೆ

ಬೆಳಗಾವಿ ಜಿಲ್ಲೆಯ ನೇಸರಗಿಯಿಂದ ಪಡುವಣಕ್ಕೆ ಹೊರಟರೆ ಖಾನಾಪುರದ ಭತ್ತದ ಗದ್ದೆಗಳು, ಮೂಡಣಕ್ಕೆ ತಿರುಗಿದರೆ ಎರೆಭೂಮಿಯ ಬಿಳಿಜೋಳ. ಬಾಗಿಲಿಗೆ ತೆನೆ ಕಟ್ಟುವ ಪದ್ಧತಿ ಎಲ್ಲಿಂದ ಬಂತೆಂದು ಈ ಭಾಗದಲ್ಲಿ ಹುಡುಕುವವರು ಮೊದಲು ಹೋಗಬೇಕಾದದ್ದು ಕಣಕ್ಕೆ. ಕಣದ ನಡುವೆ ಮೇಟಿ ಕಂಬ ನೆಟ್ಟು, ಅದಕ್ಕೆ ತೆನೆ, ಬೇವಿನ ಸೊಪ್ಪು ಕಟ್ಟಿ ಪೂಜಿಸಿದ ಮೇಲೆಯೇ ಎತ್ತುಗಳ ಹಂತಿ ತಿರುಗುತ್ತಿತ್ತು. ಅದಕ್ಕೂ ಮುಂಚೆ, ಸೀಗಿ ಹುಣ್ಣಿಮೆಗೆ, ಬಸುರಿ ಭೂಮಿತಾಯಿಗೆ ಪೂಜೆ ಮಾಡಿ ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿರುತ್ತಾರೆ.

ಅದೇ ಹುಣ್ಣಿಮೆ ಸಾಗರ, ಸೊರಬದ ಕಡೆ ಭೂಮಿ ಹುಣ್ಣಿಮೆ. ದೀವರ ಸಮುದಾಯದ ಮನೆಗಳಿಂದ ಬಯಕೆಯ ಅಡುಗೆ ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಹೋಗುತ್ತದೆ. ಕೆಮ್ಮಣ್ಣು ಬಳಿದ ಆ ಬುಟ್ಟಿಯ ಮೇಲೆ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಬರೆದ ಚಿತ್ತಾರ. ತೆನೆಯ ಕಟ್ಟು ನಾಜೂಕಿನ ಕಲೆಯಾಗಿ ಬೆಳೆದದ್ದೂ ಇದೇ ಜನರ ಕೈಯಲ್ಲಿ. ಅವರ ಬತ್ತದ ತೋರಣದಲ್ಲಿ ಹುಲ್ಲಿನ ಕಡ್ಡಿಗಳನ್ನು ಜಡೆಯಂತೆ ಹೆಣೆದು, ತೆನೆಗಳನ್ನು ಕೆಳಕ್ಕೆ ಜೋಲಬಿಡುತ್ತಾರೆ. ಅದು ಬಾಗಿಲ ಮೇಲಿದ್ದರೆ ಮನೆಗೆ ಲಕ್ಷ್ಮಿ ಬಂದಂತೆ.

ಕರಾವಳಿಯ ಹೊಸ್ತಿನ ಹಬ್ಬದಲ್ಲಿ ಇಷ್ಟು ಕುಸುರಿಯಿಲ್ಲ, ಹರವು ಮಾತ್ರ ದೊಡ್ಡದು. ಕದಿರನ್ನು ಮಾವು, ಹಲಸು, ಬಿದಿರಿನ ಎಲೆಗಳೊಂದಿಗೆ ಸೇರಿಸಿ ತಲೆಬಾಗಿಲು, ತುಳಸಿಕಟ್ಟೆ, ಬಾವಿ, ಕೊಟ್ಟಿಗೆ, ನೇಗಿಲಿಗೆಲ್ಲ ಕಟ್ಟುತ್ತಾರೆ. ಈಗ ಬೈಕು, ಕಾರುಗಳಿಗೂ. ಕೊಡಗಿನ ಹುತ್ತರಿಯಲ್ಲಿ ರಾತ್ರಿ ಕೋವಿ ಹಾರಿಸಿ ಕದಿರು ಕೊಯ್ದು ಮನೆತುಂಬಿಸುತ್ತಾರೆ. ಒಡಿಶಾದ ಹೆಂಗಸರು ಮಾರ್ಗಶಿರದ ಗುರುವಾರಗಳಂದು ಲಕ್ಷ್ಮಿಯ ಮುಂದೆ ಹೆಣೆದ ಭತ್ತದ ತೆನೆ ಇಡುತ್ತಾರೆ. ಇಂಗ್ಲೆಂಡಿನ ಹಳ್ಳಿಗರು ಗೋಧಿ ಹುಲ್ಲಿನ ಬೊಂಬೆ ಹೆಣೆಯುತ್ತಿದ್ದದ್ದು ಕೊನೆಯ ಕಂತೆಯಿಂದ. ನಮ್ಮಲ್ಲಿ ಮರ್ಯಾದೆ ಮೊದಲ ಕಂತೆಗೆ. ಹೊಸ ಅಕ್ಕಿ ಬಾಯಿಗೆ ಹೋಗುವ ಮುನ್ನ ದೇವರಿಗೆ, ಮನೆಗೆ, ದುಡಿದ ಸಾಮಾನುಗಳಿಗೆ ಸಲ್ಲಬೇಕು. ಹಾಗಾಗಿ ನನಗೆ ತೋರಣ ಪಾಲು ಹಂಚಿದ ಗುರುತಾಗಿಯೇ ಕಾಣುತ್ತದೆ. ಅಂದ ಆಮೇಲೆ ಸೇರಿಕೊಂಡದ್ದು.

ಆದರೆ ಹೆಣೆಯಲು ಉದ್ದನೆಯ ಕಡ್ಡಿ ಬೇಕು. ಹಳೆಯ ತಳಿಗಳಲ್ಲಿ ಎದೆಯೆತ್ತರ ಬೆಳೆಯುವವು ಎಷ್ಟೋ ಇದ್ದವು. 1966ರಲ್ಲಿ ಬಂದ ಐಆರ್-8, ಅದರ ಬೆನ್ನಿಗೇ ಬಂದ ಜಯಾ, ಎರಡೂ ಗಿಡ್ಡ ತಳಿ: ಗೊಬ್ಬರ ಹಾಕಿದರೂ ಒರಗಬಾರದು, ಅದಕ್ಕೇ ಕಡ್ಡಿ ಮೋಟು. ಇಳುವರಿ ಏರಿತು, ಅದನ್ನು ದೂರುವ ಹಕ್ಕು ಹೊಟ್ಟೆ ತುಂಬಿದ ನಮಗಿಲ್ಲ. ಬರಬರುತ್ತ ಕೊಯ್ಲಿನ ಯಂತ್ರಗಳೂ ಬಂದು ಕೊಯ್ಲು, ಒಕ್ಕಲು ಎರಡನ್ನೂ ಗದ್ದೆಯಲ್ಲೇ ಮುಗಿಸತೊಡಗಿದವು. ಕಾಳು ಚೀಲಕ್ಕೆ, ಹುಲ್ಲು ನೆಲಕ್ಕೆ. ಇಡಿಯ ತೆನೆ ಕೈಗೆ ಸಿಗುವುದೇ ಇಲ್ಲ. ಕಣ ಇಲ್ಲವಾದಲ್ಲಿ ಮೇಟಿಗೇನು ಕೆಲಸ?

ತೋರಣವೇನೋ ಉಳಿದಿದೆ, ಕರಕುಶಲ ಮೇಳಗಳ ಮಾರಾಟದ ಸರಕಾಗಿ. ಅದಕ್ಕೆ ಬೇಕಾದ ತೆನೆಯನ್ನು ಕುಡುಗೋಲಿನಿಂದಲೇ ಕೊಯ್ಯಬೇಕು, ಅದೂ ಪೈರು ಪೂರ್ತಿ ಒಣಗುವ ಮೊದಲು. ತಡವಾದರೆ ಹೆಣೆಯುವಾಗ ಕಾಳು ಉದುರುತ್ತದೆ, ಕಡ್ಡಿ ಮುರಿಯುತ್ತದೆ. ಇಷ್ಟು ಜತನದ ಕೆಲಸಕ್ಕೂ ಮೇಳದಲ್ಲಿ ಚೌಕಾಸಿ ತಪ್ಪಿದ್ದಲ್ಲ. ಕೊಂಡವರು ಅದನ್ನು ಗೋಡೆಗೆ ತೂಗುಹಾಕಿ, ಹುಳು ಬೀಳುವವರೆಗೂ ಇಳಿಸುವುದಿಲ್ಲ. ಬೆಳೆಯುವವರ ಮನೆಯಲ್ಲಿ ಅದರ ಆಯುಸ್ಸು ಮುಂದಿನ ಕೊಯ್ಲಿನವರೆಗೆ ಮಾತ್ರ.