ಅಗಸೆ: ಅರೆದು ತಿನ್ನುವುದೋ, ಹಿಂಡಿ ಮಾರುವುದೋ?

"ಭಾಬಿ, ಎರಡು ಬಳೆ ಅಡವಿಟ್ಟರೆ ಎಣ್ಣೆ ತೆಗೆಯುವ ಮೆಷಿನ್ ಬರುತ್ತದೆ. ತರಲೇ?" ಎಂದು ಗುಬ್ಬಿಯಲ್ಲಿರುವ ನನ್ನ ನಾದಿನಿ ಫೋನಿನಲ್ಲಿ ಕೇಳಿದಳು. ಮನೆಯಲ್ಲಿ ಓದುವ ಮಕ್ಕಳಿಬ್ಬರು. ಗಂಡ ಆಟೋ ಓಡಿಸುತ್ತಾರೆ. ಇವಳ ಹೊಲಿಗೆಯ ಹಣ ತಿಂಗಳ ಕೊನೆಯವರೆಗೆ ಬರುವುದಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದಾಳೆ. ಅದರಲ್ಲಿ ಒಬ್ಬಾಕೆ ಯಂತ್ರದ ಮೇಲಿನ ಬಟ್ಟಲಿಗೆ ಅಗಸೆ ಬೀಜ ಸುರಿಯುತ್ತಾಳೆ, ಕೆಳಗೆ ಬಂಗಾರದ ಬಣ್ಣದ ಎಣ್ಣೆ ಇಳಿಯುತ್ತದೆ. ಪುಟ್ಟ ಬಾಟಲಿಗೆ ನೂರಾರು ರೂಪಾಯಿ ಬೆಲೆಯಂತೆ. ಇನ್ನೇನು ಬೇಕು?

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? "ಬೇಡ" ಎಂದರೆ ಅವಳ ಉತ್ಸಾಹಕ್ಕೆ ತಣ್ಣೀರು ಎರಚಿದಂತೆ. "ತಗೋ" ಎಂದರೆ ಆ ಬಳೆಗಳ ಹೊಣೆ ನನ್ನ ಮೇಲೆ. ನಾನು ಹದಿನೈದು ದಿನ ಸಮಯ ಕೇಳಿದೆ. ಆ ಹದಿನೈದು ದಿನಗಳಲ್ಲಿ ನಮ್ಮ ಅಡುಗೆ ಮನೆ ಗಾಣದ ಮನೆಯಾಯಿತು.

ಅಗಸೆ ನಮ್ಮ ಮನೆಗಳಿಗೆ ಹೊಸದೇನಲ್ಲ. ನಮ್ಮ ಹಿರಿಯರ ಮಾತಿನಲ್ಲಿ ಅದು ಅಲ್ಸಿ. ಬಾಣಂತಿಗೆ ಬೆಲ್ಲ, ತುಪ್ಪ, ಗೋಂದು ಸೇರಿಸಿ ಅಲ್ಸಿಯ ಲಡ್ಡು ಕಟ್ಟಿಕೊಡುವವರು ಈಗಲೂ ಇದ್ದಾರೆ. ಆದರೆ ತುಮಕೂರಿನ ಸುತ್ತ ಇದನ್ನು ಹೆಚ್ಚಾಗಿ ಬೆಳೆಯುವುದಿಲ್ಲ. ಇದು ಉತ್ತರ ಕರ್ನಾಟಕದ ಕಪ್ಪು ನೆಲದ ಹಿಂಗಾರಿ ಬೆಳೆ. ಅಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಅಗಸಿ ಹಿಂಡಿ ಇಲ್ಲದಿದ್ದರೆ ಊಟವೇ ಅಲ್ಲ. ನಾವು ಮಂಡಿಪೇಟೆಯ ಅಂಗಡಿಯಲ್ಲಿ ಕೊಂಡು ತರಬೇಕು. ಈ ಗಿಡದ ನಾರಿನಿಂದಲೇ ಲಿನನ್ ಬಟ್ಟೆಯಾಗುತ್ತದೆ, ಬೀಜದ ಎಣ್ಣೆ ಬಣ್ಣಕ್ಕೂ ಪುಟ್ಟಿಗೂ ಹೋಗುತ್ತದೆ. ಸಸ್ಯಗಳಿಗೆ ಹೆಸರಿಟ್ಟ ಲಿನೇಯಸ್ 1753ರಲ್ಲಿ ಇದನ್ನು ಲ್ಯಾಟಿನ್ ಭಾಷೆಯಲ್ಲಿ "ಬಹು ಉಪಯೋಗಿ" ಎಂದೇ ಕರೆದ.

ಮನೆಯಲ್ಲೇ ಎಣ್ಣೆ ತೆಗೆಯಬೇಕು ಎಂಬ ಆಸೆಗೆ ಕಾರಣವಿದೆ. ಕೊಂಡ ಎಣ್ಣೆಯಲ್ಲಿ ಏನು ಬೆರೆತಿದೆಯೋ ಎಂಬ ಅಂಜಿಕೆ ಯಾರಿಗಿಲ್ಲ? 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಸೇರಿ, ಮೈ ಊದಿಕೊಂಡು 60ಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಮಂದಿ ಕಾಯಿಲೆ ಬಿದ್ದರು. ಕಣ್ಣೆದುರೇ ಹಿಂಡಿದ ಎಣ್ಣೆ ಎಂದರೆ ಅಂದಿನಿಂದಲೂ ಒಂದು ನೆಮ್ಮದಿ.

ಯಂತ್ರವಿಲ್ಲದೆ ಎಣ್ಣೆ ಬರುತ್ತದೆಯೇ ಎಂದು ಮೊದಲು ನೋಡಬೇಕಿತ್ತು. ಅದಕ್ಕೆ ಕುಣಿಗಲ್‌ನ ನಮ್ಮ ಖಾಲಾ ಬಳಿಗೆ ಹೋದೆ. ಅವರಿಗೆ ಎಂಬತ್ತರ ಆಸುಪಾಸು. ಬಾಲ್ಯದಿಂದ ಹರಳೆಣ್ಣೆ ಮಾಡಿದ ಕೈ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಬದುವಿನ ಮೇಲೆ ಹರಳು ಬೆಳೆಯುತ್ತಿದ್ದ ಕಾಲದಲ್ಲಿ ವರ್ಷದ ಎಣ್ಣೆ ಮನೆಯಲ್ಲೇ ಆಗುತ್ತಿತ್ತು. ಖಾಲಾ ಮಂಚದ ಮೇಲೆ ಕುಳಿತೇ ಹೇಳಿಕೊಟ್ಟರು. ಹರಳನ್ನು ಚೆನ್ನಾಗಿ ಒಣಗಿಸಬೇಕು. ದೊಡ್ಡ ಬಾಣಲೆಯಲ್ಲಿ ಹದವಾಗಿ ಹುರಿಯಬೇಕು. ಹೆಚ್ಚಾದರೆ ಎಣ್ಣೆ ಕಪ್ಪಾಗುತ್ತದೆ, ಕಡಿಮೆಯಾದರೆ ಬಿಡುವುದೇ ಇಲ್ಲ. ಅದನ್ನು ಒರಳಲ್ಲಿ ಕುಟ್ಟಿ ಮುದ್ದೆ ಮಾಡಿ, ಹಂಡೆಯ ನೀರಿಗೆ ಹಾಕಿ ಕುದಿಸಬೇಕು. ಕುದಿಯುತ್ತಾ ಎಣ್ಣೆ ಮೇಲೆ ತೇಲುತ್ತದೆ. ಸೌಟಿನಿಂದ ಹುಷಾರಾಗಿ ತೆಗೆದು, ಇನ್ನೊಂದು ಪಾತ್ರೆಯಲ್ಲಿ ಕಾಯಿಸಬೇಕು. ಚಿಟಪಟ ಸದ್ದು ನಿಂತರೆ ನೀರಿನಂಶ ಹೋಯಿತು ಎಂದರ್ಥ.

"ಸದ್ದು ನಿಲ್ಲುವ ಮೊದಲು ಇಳಿಸಿದರೆ ಎಣ್ಣೆ ಕೆಡುತ್ತದೆ, ನಿಂತ ಮೇಲೂ ಬಿಟ್ಟರೆ ಸೀಯುತ್ತದೆ. ಕಿವಿಯಿಂದಲೇ ಅಡುಗೆ ಮಾಡಬೇಕು" ಎಂದರು ಖಾಲಾ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹಸಿ ಹರಳು ಬೀಜದಲ್ಲಿ ರೈಸಿನ್ ಎಂಬ ಕಡು ವಿಷವಿದೆ. ಮಗು ಕೆಲವೇ ಬೀಜ ಅಗಿದು ನುಂಗಿದರೂ ಜೀವಕ್ಕೆ ಅಪಾಯ. ವಿಷ ಉಳಿಯುವುದು ಹಿಂಡಿಯಲ್ಲಿ, ಎಣ್ಣೆಗೆ ಬರುವುದಿಲ್ಲ. ಆದರೂ ಚಟ್ನಿ ರುಬ್ಬುವ ಮಿಕ್ಸಿಯಲ್ಲಾಗಲಿ, ತಿನ್ನುವ ಎಣ್ಣೆ ತೆಗೆಯುವ ಯಂತ್ರದಲ್ಲಾಗಲಿ ಹರಳನ್ನು ಹಾಕಲೇಬೇಡಿ. ಖಾಲಾ ಮನೆಯಲ್ಲಿ ಹರಳಿಗೆಂದೇ ಹಿತ್ತಿಲಲ್ಲಿ ಬೇರೆ ಒರಳಿತ್ತು. ಎಳೆ ಕೂಸಿಗೆ ಹರಳೆಣ್ಣೆ ನೆಕ್ಕಿಸುವ ರೂಢಿಯನ್ನೂ ವೈದ್ಯರು ಒಪ್ಪುವುದಿಲ್ಲ. ಬಸುರಿಯರಂತೂ ಅದನ್ನು ಕುಡಿಯಬಾರದು, ಗರ್ಭಕೋಶವನ್ನು ಕೆರಳಿಸುತ್ತದೆ.

ತುಮಕೂರಿಗೆ ಬಂದು ಅದೇ ವಿಧಾನವನ್ನು ಅಗಸೆಯ ಮೇಲೆ ಪ್ರಯೋಗಿಸಿದೆ. ಕಾಲು ಕಿಲೋ ಹುರಿದು, ಪುಡಿ ಮಾಡಿ, ನೀರಿಗೆ ಹಾಕಿ ಕುದಿಸಿದೆ. ಹತ್ತು ನಿಮಿಷದಲ್ಲಿ ಪಾತ್ರೆಯ ತುಂಬ ಲೋಳೆ! ಸೌಟು ಎತ್ತಿದರೆ ಮೂಗಿನ ಸಿಂಬಳದಂತೆ ಎಳೆಯಾಗಿ ಜೋಲುತ್ತದೆ. ಮಗಳು ನೋಡಿ ಊಟ ಬಿಟ್ಟು ಎದ್ದಳು. ಎಣ್ಣೆ ಒಂದು ತೊಟ್ಟೂ ಮೇಲೆ ಬರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಅಗಸೆಯ ಸಿಪ್ಪೆಯಲ್ಲಿ ಅಂಟು ಪದಾರ್ಥ ತುಂಬಿದೆ. ನೀರು ತಾಗಿದೊಡನೆ ಅದು ಊದಿಕೊಂಡು ಎಣ್ಣೆಯ ಹನಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ತೇಲಲು ಬಿಡುವುದಿಲ್ಲ. ಪುಡಿಯನ್ನು ಬೆಚ್ಚಗೆ ಮಾಡಿ ಮಲ್ ಬಟ್ಟೆಯಲ್ಲಿ ಹಿಂಡಿದ್ದೂ ಆಯಿತು. ಬಟ್ಟೆ ಎಣ್ಣೆಯಾಯಿತು, ಬಟ್ಟಲು ಒಣಗಿಯೇ ಉಳಿಯಿತು. ಬೀಜದ ಕಣಗಳೊಳಗೆ ಅವಿತಿರುವ ಎಣ್ಣೆ ಹೊರಬರಲು ಗಾಣದ ಒನಕೆಯಂಥ ಭಾರ ಬೇಕು. ನಮ್ಮ ರಟ್ಟೆಯ ಬಲ ಸಾಲದು.

ಕೊನೆಗೆ ನಮ್ಮ ಬೀದಿಯಲ್ಲೇ ಒಬ್ಬರ ಮನೆಯಲ್ಲಿ ಅಂಥ ಯಂತ್ರ ಇರುವುದು ಗೊತ್ತಾಯಿತು. ತಂದು ಎರಡು ತಿಂಗಳು ಓಡಿಸಿ ಅಟ್ಟದ ಮೇಲೆ ಇಟ್ಟಿದ್ದರಂತೆ. (ಇದು ಕೂಡ ಯೋಚಿಸುವ ವಿಷಯವೇ.) ನಾದಿನಿಯನ್ನು ಗುಬ್ಬಿಯಿಂದ ಕರೆಸಿದೆ, 2 ಕಿಲೋ ಅಗಸೆ ತೆಗೆದುಕೊಂಡು ಹೋದೆವು. ಯಂತ್ರ ಸರಳ. ಉಕ್ಕಿನ ಕೊಳವೆಯೊಳಗೆ ಒಂದು ತಿರುಪು ಸುತ್ತುತ್ತದೆ. ಬೀಜ ಮುಂದೆ ಹೋದಂತೆ ಜಾಗ ಕಿರಿದಾಗಿ ನುಜ್ಜುಗುಜ್ಜಾಗುತ್ತದೆ. ಸೀಳುಗಳಿಂದ ಎಣ್ಣೆ ಕೆಳಗೆ, ತುದಿಯಿಂದ ಹಿಂಡಿ ಹೊರಗೆ. ಬೀಜ ಸ್ವಲ್ಪ ತೇವವಿದ್ದರೂ ಕೊಳವೆ ಕಟ್ಟಿಕೊಳ್ಳುತ್ತದೆ. ನಮಗೆ ಎರಡು ಸಲ ಕಟ್ಟಿಕೊಂಡಿತು, ಬಿಚ್ಚಿ ಕೆರೆದು ಮತ್ತೆ ಹಾಕಬೇಕಾಯಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಗರಗರ ಸದ್ದಿನಲ್ಲಿ ಕುಳಿತ ಮೇಲೆ ಸಿಕ್ಕಿದ್ದು ಅರ್ಧ ಲೀಟರಿಗಿಂತ ಚೂರು ಹೆಚ್ಚು ಕದಡು ಎಣ್ಣೆ. ಅದನ್ನು ಎರಡು ದಿನ ಅಲುಗಿಸದೆ ಇಟ್ಟು, ತಳದ ಗಸಿ ಬಿಟ್ಟು ಮೇಲಿನದನ್ನು ಬಸಿದುಕೊಳ್ಳಬೇಕು.

ಈಗ ಲೆಕ್ಕಕ್ಕೆ ಬನ್ನಿ. ಅಗಸೆಯಲ್ಲಿ ನೂರಕ್ಕೆ ಸುಮಾರು 40 ಪಾಲು ಎಣ್ಣೆ ಇದೆ. ಮನೆಯ ಯಂತ್ರ ಅಷ್ಟನ್ನೂ ಹಿಂಡುವುದಿಲ್ಲ, ಕಿಲೋಗೆ 250ರಿಂದ 300 ಗ್ರಾಂ ಸಿಕ್ಕರೆ ಪುಣ್ಯ. ಅಂದರೆ ಒಂದು ಲೀಟರಿಗೆ 3ರಿಂದ 4 ಕಿಲೋ ಬೀಜ. ನಿಮ್ಮೂರಿನ ಬೀಜದ ಬೆಲೆಯನ್ನು ನಾಲ್ಕರಿಂದ ಗುಣಿಸಿ, ಕರೆಂಟು, ಬಾಟಲಿ, ನಿಮ್ಮ ಅರ್ಧ ದಿನದ ಕೂಲಿ ಸೇರಿಸಿ ನೋಡಿ.

ಲೆಕ್ಕಕ್ಕಿಂತ ದೊಡ್ಡ ತೊಡಕು ಎಣ್ಣೆಯ ಸ್ವಭಾವದಲ್ಲೇ ಇದೆ. ಅಗಸೆ ಎಣ್ಣೆಯ ಹಿರಿಮೆ ಅದರ ಒಮೆಗಾ-3 ಕೊಬ್ಬು. ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಅದೇ. ಆದರೆ ಗಾಳಿ, ಬೆಳಕು, ಬಿಸಿ ಮೂರರಲ್ಲಿ ಯಾವುದು ತಾಗಿದರೂ ಆ ಕೊಬ್ಬು ಬೇಗ ಕೆಡುತ್ತದೆ. ಬಣ್ಣಕ್ಕೆ ಈ ಎಣ್ಣೆ ಹಾಕುವುದೂ ಅದಕ್ಕೇ: ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ. ಗಾಢ ಬಣ್ಣದ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿಟ್ಟರೆ ನಾಲ್ಕರಿಂದ ಆರು ವಾರ. ನಾನು ಮೊದಲ ಬಾಟಲಿಯನ್ನು ಅಭ್ಯಾಸಬಲದಿಂದ ಒಲೆಯ ಪಕ್ಕ ಇಟ್ಟಿದ್ದೆ. ಹತ್ತನೇ ದಿನಕ್ಕೆ ಹೊಸದಾಗಿ ಪೇಂಟ್ ಹೊಡೆದ ಬಾಗಿಲಿನ ವಾಸನೆ, ನಾಲಗೆಗೆ ಕಹಿ. ಚೆಲ್ಲಿದೆ. ಇನ್ನು ಇದರಲ್ಲಿ ಸಮೋಸ ಕರಿಯುವಂತಿಲ್ಲ, ಒಗ್ಗರಣೆಯೂ ಕೂಡದು. ಸ್ವಲ್ಪ ಕಾದರೆ ಸಾಕು, ಹೊಗೆಯಾಡುತ್ತದೆ. ತಣ್ಣಗಿನ ಮೊಸರಿಗೋ ಕೋಸಂಬರಿಗೋ ಚಮಚ ಹಾಕಿಕೊಳ್ಳಬಹುದು, ಅಷ್ಟೇ. ನಾಲ್ವರ ಮನೆಯಲ್ಲಿ ದಿನಕ್ಕೆ ತಲಾ ಒಂದು ಚಿಕ್ಕ ಚಮಚ ಬಳಸಿದರೂ ಒಂದು ಲೀಟರ್ ಖಾಲಿಯಾಗುವುದರೊಳಗೆ ಕೆಟ್ಟಿರುತ್ತದೆ. ಗುಬ್ಬಿಯಲ್ಲಿ ಯಾರು ಕೊಳ್ಳುತ್ತಾರೆ?

ಮತ್ತೊಂದು ಮಾತು, ಇದನ್ನು ಹುಡುಗರಿಗೂ ತಿಳಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಸೇರುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ, ಕಿಡಿಯಿಲ್ಲದೆಯೇ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಬಿಡಿಸಿ, ಹೊರಗೆ ಹರಡಿ ಒಣಗಿಸಿ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಲಿನ್ಸೀಡ್ ಎಣ್ಣೆಯೂ ಇದೇ ಬೀಜದ್ದು. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣಕ್ಕೆಂದು ಮಾರುವುದಕ್ಕೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಅದು ಬಾಯಿಗೆ ಸೋಕಬಾರದು.

ಹಾಗಾದರೆ ಅಗಸೆಯನ್ನು ಏನು ಮಾಡುವುದು? ಅರೆದು ತಿನ್ನಿ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸಿಡಿಯತೊಡಗುವವರೆಗೆ ಹುರಿದು, ಪೂರ್ತಿ ಆರಲು ಬಿಡಿ. ಬಿಸಿಯಿದ್ದಾಗಲೇ ಮಿಕ್ಸಿಗೆ ಹಾಕಿದರೆ ಮುದ್ದೆಯಾಗುತ್ತದೆ. ಒಂದೇ ಸಮನೆ ತಿರುಗಿಸದೆ, ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆ, ಉಪ್ಪು ಸೇರಿಸಿದರೆ ರೊಟ್ಟಿಗೂ ಅನ್ನಕ್ಕೂ ಆಗುವ ಚಟ್ನಿಪುಡಿ. ವಾರಕ್ಕೆ ಬೇಕಾದಷ್ಟೇ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದು ದೊಡ್ಡ ಚಮಚ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಒಮೆಗಾ-3 ಇರುತ್ತದೆ. ಹೆಂಗಸರ ದಿನದ ಅಗತ್ಯಕ್ಕೆ ಅಷ್ಟು ಸಾಕು. ನಾರು ಬೇರೆ ಸಿಗುತ್ತದೆ, ಅದು ಎಣ್ಣೆಯಲ್ಲಿ ಇರುವುದಿಲ್ಲ. ಜೊತೆಗೆ ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ಕಟ್ಟುತ್ತದೆ. ಒಳ್ಳೆಯದೆಂದು ಹಿಡಿಗಟ್ಟಲೆ ತಿನ್ನಬೇಡಿ, ಹಸಿಯಾಗಿಯಂತೂ ಬೇಡ. ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಬಸುರಿಯರು ಮೊದಲು ವೈದ್ಯರನ್ನು ಕೇಳಿ.

ನಾದಿನಿ ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಮೆಷಿನ್ ಬೇಡವೇ?" ಎಂದಳು. ಮೆಷಿನ್ ಬೇಡ ಎನ್ನಲಿಲ್ಲ ನಾನು, ಅಗಸೆಗಾಗಿ ಬೇಡ ಎಂದೆ. ನಮ್ಮ ಸೀಮೆಯ ಎಣ್ಣೆ ಬೇರೆಯೇ ಇದೆ. ರಾಗಿಯ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಡುವ ಹುಚ್ಚೆಳ್ಳಿನಲ್ಲೂ ನೂರಕ್ಕೆ 35ರಿಂದ 40 ಪಾಲು ಎಣ್ಣೆ ಇದೆ, ಅಡುಗೆಗೂ ಒದಗುತ್ತದೆ. ಇನ್ನು ತೆಂಗು. ಕೇಂದ್ರ ಸರ್ಕಾರ 2020ರಲ್ಲಿ ಕಿರು ಆಹಾರ ಉದ್ಯಮಗಳಿಗಾಗಿ ಜಿಲ್ಲೆಗೊಂದು ಉತ್ಪನ್ನ ಆರಿಸಿದಾಗ ತುಮಕೂರಿಗೆ ಬಂದದ್ದು ತೆಂಗಿನ ಉತ್ಪನ್ನವೇ. ಒಣಗಿದ ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಎಣ್ಣೆ. ತಲೆಗೆ ಹಚ್ಚಲೂ ಕರಿಯಲೂ ಜನ ಕೇಳಿ ಕೊಳ್ಳುತ್ತಾರೆ, ತಿಂಗಳುಗಟ್ಟಲೆ ಕೆಡುವುದೂ ಇಲ್ಲ. ಉಂಡೆ ಕೊಬ್ಬರಿಯಾಗಿ ಮಾರಲಾಗದ ಹೋಳುಗಳನ್ನು ಗುಬ್ಬಿಯ ತೋಟದವರ ಬಳಿ ಕೇಳಿ ನೋಡಬಹುದು. ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 2011ರ ಆಹಾರ ಸುರಕ್ಷತಾ ನಿಯಮದಂತೆ, ರಾಜ್ಯ ಸರ್ಕಾರ ವಿನಾಯಿತಿ ಕೊಡದ ಹೊರತು, ತಿನ್ನುವ ಎಣ್ಣೆಯನ್ನು ಬಿಡಿಯಾಗಿ ಅಳೆದು ಕೊಡುವಂತಿಲ್ಲ. ಬಾಟಲಿ ಮುಚ್ಚಿ ಲೇಬಲ್ ಅಂಟಿಸಬೇಕು.

ಬಳೆಗಳು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇವೆ. ಅಟ್ಟದ ಮೇಲಿನ ಆ ಯಂತ್ರವನ್ನು ಮೂರು ತಿಂಗಳ ಬಾಡಿಗೆಗೆ ಕೊಡಲು ನಮ್ಮ ಬೀದಿಯವರು ಒಪ್ಪಿದ್ದಾರೆ. ಅವಳ ಗಂಡ ಮೊನ್ನೆ ಆಟೋದಲ್ಲೇ ಒಯ್ದರು. ಮೊದಲ ಸಲ 5 ಕಿಲೋ ಕೊಬ್ಬರಿ ಹಾಕಿದ್ದಾಳಂತೆ. ನಾವು ಹಿಂಡಿದ ಅಗಸೆಯ ಹಿಂಡಿಯನ್ನೂ ತೆಗೆದುಕೊಂಡು ಹೋಗಿದ್ದಳು, ಪಕ್ಕದ ಮನೆಯ ಎಮ್ಮೆಗೆಂದು. ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ ಹಾಗೇ ಬಿಟ್ಟರೆ ಅದರಲ್ಲಿ ವಿಷ ಹುಟ್ಟುತ್ತದೆ, ಚೆನ್ನಾಗಿ ಕುದಿಸಿ ಆರಿಸಿ ಇಡು ಎಂದು ಫೋನ್ ಮಾಡಿ ಹೇಳಿದೆ.