ಜೇಬಿನ ಲೆಕ್ಕ, ಹೊಟ್ಟೆಯ ಲೆಕ್ಕ

ಬೊಜ್ಜು ಅಂದ ಕೂಡಲೇ ನಾವು ತಪ್ಪನ್ನೆಲ್ಲ ನಾಲಿಗೆ ಮೇಲೆ ಹೊರಿಸ್ತೀವಿ. ಬಾಯಿ ಕಟ್ಟಿ, ವಾಕಿಂಗ್ ಹೋಗಿ ಅಂತೀವಿ. ಜೇಬಿನ ವಿಷಯ ಯಾರೂ ಎತ್ತೋದಿಲ್ಲ.

ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯವನ್ನೇ ತಗೊಳ್ಳಿ. ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಸುಬ್ರಹ್ಮಣ್ಯದ ದಾರಿ ಒಡೆಯುವ ಜಾಗ. ಘಾಟಿ ಹತ್ತುವ ಮುಂಚೆ ಲಾರಿಯವರು ಒಂದು ಚಾ ಕುಡೀತಾರೆ, ಜೊತೆಗೆ ಗೋಳಿಬಜೆಯೋ ಬನ್ಸೋ. ಮೈದಾ, ಕಾದ ಎಣ್ಣೆ. ಮೇಲೆ ಗಾಡಿ ಎಷ್ಟು ಹೊತ್ತು ನಿಲ್ಲುತ್ತೋ ದೇವರೇ ಬಲ್ಲ. ಕಡಿಮೆ ದುಡ್ಡಿಗೆ ಹೆಚ್ಚು ಹೊತ್ತು ತಡೆಯೋದು ಅದೇ. ಇದರಲ್ಲಿ ಚಾಲಕನ ದಡ್ಡತನ ಏನಿಲ್ಲ, ಅವನ ಲೆಕ್ಕ ಸರಿಯಾಗೇ ಇದೆ.

ಯಾಕೆ ಗೊತ್ತಾ? ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಒಂದು ಕಿಲೋ ಅಕ್ಕಿಯಲ್ಲಿ ಸುಮಾರು 3,500. ಒಂದು ಕಿಲೋ ಟೊಮೆಟೊದಲ್ಲಿ 200 ಕೂಡ ಇಲ್ಲ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತಲ್ಲ? ಅದೇ ತಿಂಗಳು ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಸರ್ಕಾರ ತಲೆಗೆ 170 ರೂಪಾಯಿ ಕೊಡಲು ಶುರು ಮಾಡಿತು, ಕಿಲೋಗೆ 34ರಂತೆ. ಆ ದರದಲ್ಲಿ ಅಕ್ಕಿ ಕೊಂಡರೆ 17,500 ಕ್ಯಾಲೊರಿ. ಟೊಮೆಟೊ ಕೊಂಡರೆ 340 ದಾಟೋದಿಲ್ಲ. ಮನೆ ನಡೆಸೋ ಹೆಂಗಸು ಯಾವುದನ್ನ ಆರಿಸ್ತಾಳೆ, ಹೇಳಿ?

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಡಂ ಡ್ರೂನೋಸ್ಕಿ ವರ್ಷಗಟ್ಟಲೆ ಹೇಳ್ತಾ ಬಂದಿರೋದೂ ಇದನ್ನೇ: ಧಾನ್ಯ, ಸಕ್ಕರೆ, ಎಣ್ಣೆಯ ಕ್ಯಾಲೊರಿ ಅಗ್ಗ, ಹಣ್ಣು ತರಕಾರಿಯದ್ದು ದುಬಾರಿ.

ನಮ್ಮಲ್ಲಿ ಬೊಜ್ಜು ಇನ್ನೂ ಉಳ್ಳವರಲ್ಲೇ, ಪಟ್ಟಣದಲ್ಲೇ ಹೆಚ್ಚು, ಒಪ್ಪೋಣ. ಆದ್ರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2015–16ರಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ 23 ಮಂದಿಗೆ ಅತಿತೂಕ. ಮುಂದಿನ ಸುತ್ತಿಗೆ ಅದು 30. ಅದೇ ಸುತ್ತಿನಲ್ಲಿ ಇನ್ನೂ 17 ಮಂದಿ ತೂಕವೇ ಸಾಲದವರು. ಒಂದೇ ರಾಜ್ಯ, ಎರಡೂ ರೋಗ. ಇತ್ತ ತೋಟದಲ್ಲಿ ಹುಲ್ಲು ಹೆರೆಯೋಕೂ ಯಂತ್ರ ಬಂದಿದೆ. ಮೈ ದಂಡನೆ ಇಳೀತು, ಅನ್ನದ ರಾಶಿ ಇಳೀಲಿಲ್ಲ.

ಅನ್ನಭಾಗ್ಯವನ್ನ ಬೈಯೋರ ಸಾಲಿಗೆ ನಾನು ಸೇರೋದಿಲ್ಲ. 2013ರಿಂದ ಎಷ್ಟೋ ಮನೆಯ ಒಲೆ ಅದರಿಂದ ಉರಿದಿದೆ. ನನ್ನ ತಕರಾರು ಇಷ್ಟೆ: ಅಕ್ಕಿ ಪುಕ್ಕಟೆ, ಬೇಳೆ ಪೇಟೆ ದರಕ್ಕೆ ಅಂದ್ರೆ ತಟ್ಟೆಯಲ್ಲಿ ಅನ್ನ ಏರುತ್ತೆ, ಸಾರು ನೀರಾಗುತ್ತೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಮೊಟ್ಟೆ ಸಿಕ್ತು. ಅವರ ಅಮ್ಮಂದಿರಿಗೆ ರೇಷನ್ ಅಂಗಡಿಯಲ್ಲಿ ಒಂದು ಕಿಲೋ ತೊಗರಿ, ಒಂದು ಕಿಲೋ ಹುರುಳಿ ಯಾಕೆ ಕೊಡಬಾರದು?