ಹಡಗಿನಲ್ಲಿ ಬಂದ ಗೋದಿ



ಒಂದು ಕಸ ಇದೆ. ನೀವೆಲ್ಲ ಅದನ್ನು ಬಲ್ಲಿರಿ. ಗಜ್ಜರಿ ಎಲೆಯಂಥ ಎಲೆ. ಬಿಳಿ ಬಿಳಿ ಸಣ್ಣ ಹೂವು. ಟಿಳಕವಾಡಿಯ ರೈಲು ಗೇಟಿನ ಆಚೆ ಈಚೆ, ಖಾಲಿ ಪ್ಲಾಟುಗಳಲ್ಲಿ, ಖಾನಾಪುರದ ದಾರಿ ಬದಿಯಲ್ಲಿ, ಹೊಲದ ಬದುವಿನಲ್ಲಿ, ಎಲ್ಲ ಕಡೆ ಬೆಳೆಯುತ್ತದೆ. ಕೀಳಲು ಹೋದರೆ ಕೆಲವರಿಗೆ ಮೈ ತುರಿಸುತ್ತದೆ. ದನಗಳು ಮೂಸಿ ನೋಡಿ ಬಿಟ್ಟು ಹೋಗುತ್ತವೆ. ಇದಕ್ಕೆ ನಾವು ಕಾಂಗ್ರೆಸ್ ಕಸ ಅನ್ನುತ್ತೇವೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಹಿರಿಯ ತಾಯಿ ಕೇಳಿದರು: "ಅಕ್ಕಾರ, ನಮ್ಮ ಸಣ್ಣಂದಿನಾಗ ಈ ಕಸ ಇಷ್ಟು ಇರಲಿಲ್ಲರಿ. ಎಲ್ಲಿಂದ ಬಂತಿದು?"

ಒಳ್ಳೆಯ ಪ್ರಶ್ನೆ. ಈ ಕಸದ ತವರು ಅಮೆರಿಕ ಖಂಡ. 1955-56ರ ಹೊತ್ತಿಗೆ ಪುಣೆಯಲ್ಲಿ ಇದು ಕಣ್ಣಿಗೆ ಬಿತ್ತು. ಅಲ್ಲಿಂದ ಊರೂರಿಗೆ ಹಬ್ಬಿತು. ಹೊರದೇಶದಿಂದ ಹಡಗಿನಲ್ಲಿ ಬಂದ ಗೋದಿಯ ಜೊತೆ ಇದರ ಬೀಜವೂ ಬಂತು ಎಂದು ಬಹಳ ಜನ ಹೇಳುತ್ತಾರೆ. ಕಸದ ಕಥೆ ಇಷ್ಟೇ. ಆದರೆ ಆ ಗೋದಿಯ ಕಥೆ ದೊಡ್ಡದು. ನಮ್ಮ ದೇಶ ಹೊರಗಿನಿಂದ ಗೋದಿ ತರಿಸಿಕೊಂಡದ್ದು ಯಾಕೆ? ಆಮೇಲೆ ಅದು ಹೇಗೆ ನಿಂತಿತು? ಅದನ್ನು ಈ ಪಾಠದಲ್ಲಿ ಓದೋಣ.

ಬ್ರಿಟಿಷರ ಕಾಲದಲ್ಲಿ ಬರದ ಮೇಲೆ ಬರ ಬಂದವು. 1876ರಿಂದ 1878ರವರೆಗೆ ಬಿದ್ದ ಬರದಲ್ಲಿ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರದ ಕಡೆ, ಮೈಸೂರು ಸೀಮೆಯಲ್ಲಿ, ಮದ್ರಾಸ್ ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಅದೇ ಹೊತ್ತಿಗೆ ಈ ದೇಶದ ಕಾಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು! 1943ರಲ್ಲಿ ಬಂಗಾಳದಲ್ಲಿ 20ರಿಂದ 30 ಲಕ್ಷ ಜನ ಹಸಿವಿನಿಂದ, ಹಸಿವಿನ ಹಿಂದೆ ಬಂದ ರೋಗದಿಂದ ತೀರಿಕೊಂಡರು. 1947ರಲ್ಲಿ ಸ್ವಾತಂತ್ರ್ಯ ಬಂತು. ದೇಶ ಎರಡಾಯಿತು. ಗೋದಿ ಬೆಳೆಯುವ ನೀರಾವರಿ ಭೂಮಿಯಲ್ಲಿ ದೊಡ್ಡ ಪಾಲು ಪಾಕಿಸ್ತಾನಕ್ಕೆ ಹೋಯಿತು. ಉಣ್ಣುವ ಬಾಯಿ ಹೆಚ್ಚು, ಕಣಜದಲ್ಲಿ ಕಾಳು ಕಡಿಮೆ.

ಅಮೆರಿಕದಲ್ಲಿ ಇದರ ಉಲ್ಟಾ. ಅಲ್ಲಿ ಗೋದಿ ಬೆಳೆದು ಬೆಳೆದು ಗೋದಾಮು ತುಂಬಿದ್ದವು. ಹೆಚ್ಚಿಗೆ ಕಾಳು ಪೇಟೆಗೆ ಬಂದರೆ ದರ ಬೀಳುತ್ತದೆ. ರೈತ ಹಾಳಾಗುತ್ತಾನೆ. ಆ ಕಾಳನ್ನು ಏನು ಮಾಡುವುದು? 1954ರಲ್ಲಿ ಅವರು ಒಂದು ಕಾನೂನು ಮಾಡಿದರು. ಅದರ ನಂಬರು 480. ಅದಕ್ಕೇ ಆ ಗೋದಿಗೆ ಪಿ.ಎಲ್. 480 ಗೋದಿ ಎಂದು ಹೆಸರು. 1956ರಲ್ಲಿ ಭಾರತ ಈ ಕಾನೂನಿನ ಕೆಳಗೆ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು.

ಇದನ್ನು ದಾನ ಎಂದು ತಿಳಿಯಬೇಡಿರಿ. ಹೆಚ್ಚಿನ ಗೋದಿಗೆ ನಾವು ಹಣ ಕೊಟ್ಟಿದ್ದೇವೆ. ಡಾಲರ್ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ರೂಪಾಯಿಯಲ್ಲಿ ಕೊಡುವ ಸವಲತ್ತು ಇತ್ತು. ಆ ರೂಪಾಯಿ ಅಮೆರಿಕದ ಹೆಸರಿನಲ್ಲಿ ಭಾರತದಲ್ಲೇ ಜಮಾ ಆಗುತ್ತಿತ್ತು. ಜಮಾ ಆಗಿ ಆಗಿ ಬೆಟ್ಟವಾಯಿತು. 1974ರಲ್ಲಿ ಅದರಲ್ಲಿ 1664 ಕೋಟಿ ರೂಪಾಯಿಯನ್ನು ಅಮೆರಿಕದ ರಾಯಭಾರಿ ಒಂದೇ ಚೆಕ್ಕಿನಲ್ಲಿ ಭಾರತಕ್ಕೆ ಬಿಟ್ಟುಕೊಟ್ಟರು. ಒಂದೇ ಚೆಕ್ಕು, 1664 ಕೋಟಿ! ಸೊನ್ನೆ ಹಾಕಿ ಬರೆದು ನೋಡಿರಿ.

ಪೂರ್ತಿ ಪುಕ್ಕಟೆಯಾಗಿ ಬಂದದ್ದೂ ಇತ್ತು. ಕೇರ್ ಎಂಬ ಅಮೆರಿಕದ ಸಂಸ್ಥೆ ಶಾಲೆಯ ಮಕ್ಕಳಿಗೆ ಹಾಲಿನ ಪುಡಿ ಕೊಟ್ಟಿತು, ಹಳದಿ ರವೆ ಕೊಟ್ಟಿತು. ನಮ್ಮ ನಾಡಿನ ಹಿರಿಯರು ಇವತ್ತಿಗೂ "ಕೇರ್ ಉಪ್ಪಿಟ್ಟು" ಎಂದು ನೆನೆಯುತ್ತಾರೆ. ಆ ಉಪ್ಪಿಟ್ಟಿನ ಆಸೆಗೇ ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತವರು ಎಷ್ಟೋ ಜನ.

ಅಂಗಡಿಗೆ ಬಂದ ಕಾಳಿನ ಮಾತು ಬೇರೆ. ನಮ್ಮ ಕಡೆ ಗೋದಿ ಎಂದರೆ ಹಬ್ಬದ ಕಾಳು. ಹುಗ್ಗಿಗೆ, ಹೋಳಿಗೆಗೆ ಬೇಕು. ದಿನದ ಊಟಕ್ಕೆ ಜೋಳದ ರೊಟ್ಟಿ, ಖಾನಾಪುರದ ಕಡೆ ಅನ್ನ. ಹೊರಗಿನಿಂದ ಬಂದ ಗೋದಿ ಕೆಂಪು. ಅದರ ಜೊತೆ ಮೈಲೋ ಎಂಬ ಕೆಂಪು ಜೋಳವೂ ಬಂತು. ಅಮೆರಿಕದಲ್ಲಿ ಅದನ್ನು ಹೆಚ್ಚಾಗಿ ದನಕ್ಕೆ, ಕೋಳಿಗೆ ಹಾಕುತ್ತಾರೆ. ಮೈಲೋ ಎಂದರೆ ನೆರೆಯ ಮಹಾರಾಷ್ಟ್ರದ ಮುದುಕಿಯರು ಈಗಲೂ ಮುಖ ಕಿವುಚುತ್ತಾರೆ. ಆದರೂ ಹೊಟ್ಟೆ ಕೇಳಬೇಕಲ್ಲ. ಸರದಿಯಲ್ಲಿ ನಿಂತರು, ತಂದರು, ಬೀಸಿದರು, ಬಡಿದರು, ಉಂಡರು.

ಕೊರಳಿಗೆ ಹಗ್ಗ

1965ರಲ್ಲಿ ಮಳೆ ಕೈಕೊಟ್ಟಿತು. 1966ರಲ್ಲಿ ಮತ್ತೆ ಕೈಕೊಟ್ಟಿತು. 1964-65ರಲ್ಲಿ ದೇಶದಲ್ಲಿ ಸುಮಾರು 8 ಕೋಟಿ 90 ಲಕ್ಷ ಟನ್ ಕಾಳು ಬೆಳೆದಿತ್ತು. ಮರು ವರ್ಷ ಅದು 7 ಕೋಟಿ 20 ಲಕ್ಷ ಟನ್ನಿಗೆ ಇಳಿಯಿತು. ಐದು ರೊಟ್ಟಿ ಇದ್ದ ಬುಟ್ಟಿಯಲ್ಲಿ ನಾಲ್ಕೇ ಉಳಿದ ಹಾಗೆ. ಅದೇ 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧವೂ ಆಯಿತು.

ಆಗ ಪ್ರಧಾನ ಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಜೈ ಜವಾನ್ ಜೈ ಕಿಸಾನ್ ಎಂದವರು ಇವರೇ. ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿ, ಊಟ ಬಿಡಿರಿ ಎಂದು ಜನರನ್ನು ಕೇಳಿಕೊಂಡರು. ತಾವೂ ಬಿಟ್ಟರು. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿದವು. ನಮ್ಮ ಹೆಣ್ಣುಮಕ್ಕಳಿಗೆ ಸೋಮವಾರದ ಉಪವಾಸ ಹೊಸದೇನಲ್ಲ. ಆದರೆ ಇಡೀ ದೇಶ ಒಟ್ಟಿಗೆ ಒಂದು ಹೊತ್ತು ಹಸಿದಿದ್ದು ಅದೇ ಮೊದಲು ಇರಬೇಕು.

1966ರಲ್ಲಿ ಸುಮಾರು 1 ಕೋಟಿ ಟನ್ ಕಾಳು ಹೊರಗಿನಿಂದ ಬಂತು. ಅಮೆರಿಕದವರು ಬೆಳೆದ ಗೋದಿಯಲ್ಲಿ ಐದರಲ್ಲಿ ಒಂದು ಪಾಲು ನಮ್ಮ ದೇಶಕ್ಕೇ ಬಂತು. ಬಂದರಿಗೆ ಹಡಗು ಮುಟ್ಟಬೇಕು, ಆ ಗೋದಿ ಅಂಗಡಿಗೆ ಬರಬೇಕು, ಆಗ ಒಲೆ ಹತ್ತಬೇಕು. ಅಂಥ ಕಾಲ.

ಆಗ ಅಮೆರಿಕದ ಅಧ್ಯಕ್ಷರು ಲಿಂಡನ್ ಜಾನ್ಸನ್. ಅವರು ವರ್ಷದ ಗೋದಿಯನ್ನು ಒಮ್ಮೆಗೇ ಕಳಿಸಲಿಲ್ಲ. ಈ ತಿಂಗಳು ಇಷ್ಟು, ಮುಂದಿನ ತಿಂಗಳದ್ದು ಆಮೇಲೆ ನೋಡೋಣ ಎಂದರು. ಯಾಕೆ? ಭಾರತ ತನ್ನ ಬೇಸಾಯದ ರೀತಿ ಬದಲಿಸಬೇಕು, ಹೆಚ್ಚು ಬೆಳೆಯಬೇಕು ಎಂಬುದು ಒಂದು ಮಾತು. ವಿಯೆಟ್ನಾಂ ದೇಶದಲ್ಲಿ ಅಮೆರಿಕ ಮಾಡುತ್ತಿದ್ದ ಯುದ್ಧವನ್ನು ಭಾರತ ಟೀಕಿಸಿತ್ತು, ಅದರ ಸಿಟ್ಟೂ ಇತ್ತು.

ಅಂಗಡಿಯಲ್ಲಿ ಉದ್ರಿ ತಂದವರಿಗೆ ಇದು ಬೇಗ ತಿಳಿಯುತ್ತದೆ. ಕಾಳು ಅಳೆದು ಕೊಡುವಾಗ ಅಂಗಡಿಯವನು ಒಂದು ಮಾತು ಆಡುತ್ತಾನೆ. ನಾವು ತಲೆ ತಗ್ಗಿಸಿ ಕೇಳುತ್ತೇವೆ. ತಿರುಗಿ ಮಾತಾಡಿದರೆ ನಾಳೆ ಕಾಳಿಲ್ಲ. ದೇಶಕ್ಕೂ ಹಾಗೇ ಆಯಿತು.

ಹಾಗೆಂದು ಆ ಗೋದಿಯನ್ನು ಬೈಯುವುದು ಸರಿಯಲ್ಲ. ಬಿಹಾರದಲ್ಲಿ ಆ ಎರಡು ವರ್ಷ ಬರ ಭಾರಿ ಇತ್ತು. ಗೋದಿ ಬಂದದ್ದಕ್ಕೇ ಬಂಗಾಳದಂಥ ಸಾವು ಅಲ್ಲಿ ಆಗಲಿಲ್ಲ. ಜೀವ ಉಳಿಸಿದ ಅನ್ನ ಅದು. ಅದರ ಜೊತೆಗೆ ಹಗ್ಗವೂ ಬಂತು.

ಗಿಡ್ಡ ಗೋದಿ

ಈಗ ಬೀಜದ ಮಾತು. ಕಾಳು ಉಂಡರೆ ತೀರುತ್ತದೆ. ಬೀಜ ತೀರುವುದಿಲ್ಲ.

ನಮ್ಮ ಹಳೆಯ ಗೋದಿ ಎತ್ತರ ಬೆಳೆಯುತ್ತಿತ್ತು. ಹೆಚ್ಚು ಗೊಬ್ಬರ ಹಾಕಿದರೆ ತೆನೆ ಭಾರವಾಗಿ ಪೈರು ನೆಲಕ್ಕೆ ಮಲಗುತ್ತಿತ್ತು. ಮಲಗಿದ ಪೈರು ಕೊಯ್ದ ಕಷ್ಟ ನಿಮಗೆ ಗೊತ್ತು. ಜಪಾನಿನಲ್ಲಿ ಒಂದು ಗಿಡ್ಡ ಗೋದಿ ಇತ್ತು. ಅದರ ಬೀಜ ಅಮೆರಿಕಕ್ಕೆ ಹೋಯಿತು. ಅಲ್ಲಿಂದ ಮೆಕ್ಸಿಕೋ ದೇಶಕ್ಕೆ ಹೋಯಿತು. ಅಲ್ಲಿ ನಾರ್ಮನ್ ಬೋರ್ಲಾಗ್ ಎಂಬ ವಿಜ್ಞಾನಿ ಅದನ್ನು ಬೇರೆ ಗೋದಿಗಳ ಜೊತೆ ಕೂಡಿಸಿ ಹೊಸ ತಳಿ ಮಾಡಿದರು. ಗಿಡ ಗಿಡ್ಡ, ಕಾಂಡ ಗಟ್ಟಿ, ತೆನೆ ತುಂಬ ಕಾಳು.

ನಮ್ಮ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರನ್ನು ಕರೆಸಿದರು. ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ ಬೆನ್ನಿಗೆ ನಿಂತರು. 1966ರಲ್ಲಿ 18,000 ಟನ್ ಬೀಜ ಮೆಕ್ಸಿಕೋದಿಂದ ಹಡಗಿನಲ್ಲಿ ಬಂತು. ಈ ಸಲ ಹಡಗಿನಲ್ಲಿ ಬಂದದ್ದು ಉಣ್ಣುವ ಗೋದಿ ಅಲ್ಲ, ಬಿತ್ತುವ ಗೋದಿ. 1964-65ರಲ್ಲಿ ದೇಶದ ಗೋದಿ ಬೆಳೆ 1 ಕೋಟಿ 20 ಲಕ್ಷ ಟನ್ನು. 1967-68ರಲ್ಲಿ 1 ಕೋಟಿ 65 ಲಕ್ಷ ಟನ್ನು. ಕಾಳು ಇಡಲು ಜಾಗ ಸಾಲದೆ ಪಂಜಾಬದ ಕಡೆ ಶಾಲೆಗಳನ್ನು ಮುಚ್ಚಿ ಅಲ್ಲಿ ತುಂಬಿದರಂತೆ. 1971ರ ಹೊತ್ತಿಗೆ ಪಿ.ಎಲ್. 480 ಗೋದಿ ನಿಂತಿತು. ಬೋರ್ಲಾಗ್ ಅವರಿಗೆ 1970ರಲ್ಲಿ ನೊಬೆಲ್ ಬಹುಮಾನ ಬಂತು.

ನನಗೆ ಬಹಳ ಇಷ್ಟವಾದ ಸಂಗತಿ ಬೇರೆ ಇದೆ. ಮೆಕ್ಸಿಕೋದಿಂದ ಬಂದ ಬೀಜದ ಕಾಳು ಕೆಂಪಗಿತ್ತು. ನಮ್ಮ ಹೆಣ್ಣುಮಕ್ಕಳಿಗೆ ಚಪಾತಿ ಕೆಂಪಾದರೆ ಸೇರುವುದಿಲ್ಲ. ಪೇಟೆಯಲ್ಲಿ ದರ ಬರಲಿಲ್ಲ. ಆಗ ವಿಜ್ಞಾನಿಗಳು ಮತ್ತೆ ಕೂತರು. ಬಂಗಾರದ ಬಣ್ಣದ ಕಾಳಿನ ಶರಬತಿ ಸೋನೋರಾ ತಳಿ ತೆಗೆದರು. ಕಲ್ಯಾಣ ಸೋನಾ, ಸೋನಾಲಿಕಾ ತಳಿಗಳನ್ನು ಆರಿಸಿದರು. ಹೊರಗಿನ ಬೀಜ ನಮ್ಮ ಹಂಚಿಗೆ ಒಪ್ಪಿದ ಮೇಲೆಯೇ ನಮ್ಮ ಬೀಜ ಆಯಿತು.

ನಮ್ಮ ಜೋಳದಲ್ಲೂ ಹೀಗೇ ನಡೆಯಿತು. ಹೈಬ್ರಿಡ್ ಜೋಳ ಎಂದು ನೀವು ಕೇಳಿದ್ದೀರಿ. ಮೊದಲನೆಯದು 1964ರಲ್ಲಿ ಬಂತು. ಅದರ ಹೆಸರು ಸಿ.ಎಸ್.ಎಚ್. 1. ಅದರ ತಾಯಿ ಸಾಲು ಅಮೆರಿಕದ್ದು. ಇಳುವರಿ ಜೋರು. ಸರಕಾರ ಹೊಗಳಿತು. ಆದರೆ ಮನೆಯ ಹೆಣ್ಣುಮಗಳು ಏನಂದಳು? "ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಬಡಿದರ ಹರೀತೈತಿ. ಕಣಕಿ ಗಿಡ್ಡ, ದನಕ್ಕ ಸಾಲೂದಿಲ್ಲ. ಮಳ್ಯಾಗ ಸಿಕ್ಕರ ತೆನಿ ಕರ್ರಗ ಆಗತೈತಿ." ಮೂರೂ ನಿಜ. ಇನ್ನೊಂದು ತೊಡಕೂ ಇತ್ತು. ಹೈಬ್ರಿಡ್ ಬೆಳೆಯಿಂದ ಬೀಜ ತೆಗೆದಿಟ್ಟು ಬಿತ್ತಿದರೆ ಮರು ವರ್ಷ ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ. ಬೆಳೆ ಮೊದಲಿನಂತೆ ಬರುವುದಿಲ್ಲ. ಪ್ರತಿ ವರ್ಷ ಬೀಜ ಕೊಳ್ಳಬೇಕು. ಒಳ್ಳೆ ತೆನೆ ಆರಿಸಿ, ಬೂದಿ ಬೆರೆಸಿ, ಗಡಿಗೆಯಲ್ಲಿ ಬೀಜ ಕಾಯ್ದಿಡುವುದು ನಮ್ಮ ಅವ್ವಂದಿರ ಕೆಲಸವಾಗಿತ್ತು. ಆ ಕೆಲಸ ಅಂಗಡಿಗೆ ಹೋಯಿತು. ಇದರ ಲೆಕ್ಕ ಯಾರೂ ಬರೆದಿಡಲಿಲ್ಲ.

ಮುಂಗಾರಿಯಲ್ಲಿ ಹೈಬ್ರಿಡ್ ಹರಡಿತು. ಹಿಂಗಾರಿಯಲ್ಲಿ ಮಾತ್ರ ನಮ್ಮ ಜನ ಮಾಲದಂಡಿ ಜೋಳ ಬಿಡಲಿಲ್ಲ. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ ಊರ ಜೋಳದಿಂದಲೇ ಆರಿಸಿದ ತಳಿ ಅದು. ರೊಟ್ಟಿ ಮೆತ್ತಗೆ, ಕಣಕಿ ಉದ್ದ.

ಹೊರಗಿನ ಬೀಜ ಎಂದರೆ ಬಿಳಿಯರ ದೇಶದ್ದೇ ಆಗಬೇಕೆಂದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇದ್ದರು. ಅವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿದರು. ಆ ತಳಿಗಳಿಗೆ ಇಂಡಾಫ್ ಎಂದು ಹೆಸರು. ಇಂಡಿಯಾದ ಇಂಡ್, ಆಫ್ರಿಕದ ಆಫ್. ನಮ್ಮ ರಾಜ್ಯದ ರಾಗಿ ಇಳುವರಿ ಇದರಿಂದ ಬಹಳ ಏರಿತು. ಹೈಬ್ರಿಡ್‌ನಂತಲ್ಲ, ಈ ರಾಗಿಯ ಬೀಜ ಮನೆಯಲ್ಲೇ ಇಡಬಹುದು. ಅಲ್ಲದೆ ರಾಗಿಯೂ ಜೋಳವೂ ಸಾವಿರಾರು ವರ್ಷದ ಹಿಂದೆ ಆಫ್ರಿಕದಿಂದಲೇ ಇಲ್ಲಿಗೆ ಬಂದ ಬೆಳೆಗಳು. ಆ ಋಣಕ್ಕೆ ಯಾರೂ ಚೆಕ್ಕು ಬರೆದಿಲ್ಲ.

ಗೋದಾಮು ತುಂಬಿತು, ತಾಟು?

ಹೊಸ ಬೀಜಕ್ಕೆ ನೀರು ಬೇಕು, ಗೊಬ್ಬರ ಬೇಕು, ಔಷಧ ಬೇಕು. ಇವಕ್ಕೆಲ್ಲ ರೊಕ್ಕ ಬೇಕು. ನೀರಿದ್ದವರು, ರೊಕ್ಕ ಇದ್ದವರು ಮೊದಲು ಮುಂದೆ ಬಂದರು. ಮಳೆ ನಂಬಿದ ಒಕ್ಕಲಿಗರು ಹಿಂದೆ ಉಳಿದರು. ಕೂಲಿ ಮಾಡುವವರಿಗೆ ಹೊಲವೇ ಇಲ್ಲ.

2022-23ರಲ್ಲಿ ದೇಶದಲ್ಲಿ 32 ಕೋಟಿ ಟನ್ನಿಗಿಂತ ಹೆಚ್ಚು ಕಾಳು ಬೆಳೆಯಿತು. ಹಾಗಾದರೆ ಹಸಿವು ಹೋಯಿತೇ? ಅಮರ್ತ್ಯ ಸೇನ್ ಎಂಬ ಪಂಡಿತರು ಬಂಗಾಳದ ಬರವನ್ನು ಅಭ್ಯಾಸ ಮಾಡಿ ಒಂದು ಮಾತು ತೋರಿಸಿಕೊಟ್ಟರು. ಊರಿನಲ್ಲಿ ಕಾಳು ಇದ್ದರೂ ಕೊಳ್ಳುವ ಶಕ್ತಿ ಇಲ್ಲದವರು ಹಸಿದು ಸಾಯುತ್ತಾರೆ. 2001ರಲ್ಲಿ ನಮ್ಮಲ್ಲೂ ಹಾಗೇ ಆಯಿತು. ಸರಕಾರದ ಗೋದಾಮಿನಲ್ಲಿ ಕಾಳು ತುಂಬಿತ್ತು. ಬರ ಬಿದ್ದ ಊರುಗಳಲ್ಲಿ ಜನ ಹಸಿದಿದ್ದರು. ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಎಂದು ಆ ವರ್ಷ ನವೆಂಬರದಲ್ಲಿ ಕೋರ್ಟು ಹೇಳಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಸುರುವಾಯಿತು. ಹಿಂದೆ ಹಡಗಿನಲ್ಲಿ ಬಂದ ಹಳದಿ ರವೆ ಬೇಯುತ್ತಿದ್ದ ಶಾಲೆಗಳಲ್ಲಿ ಈಗ ಇದೇ ದೇಶದ ಅಕ್ಕಿ, ಬೇಳೆ ಬೇಯುತ್ತದೆ. ಬೇಯಿಸುವವರೂ ಊರಿನ ಹೆಣ್ಣುಮಕ್ಕಳೇ.

ಮನೆಯೊಳಗಿನ ಹಸಿವು ಇನ್ನೊಂದು ಇದೆ. ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಉಳಿದದ್ದನ್ನು ನಾವು ಉಣ್ಣುತ್ತೇವೆ. ಬುಟ್ಟಿ ಬರಿದಾದರೆ ನೀರು ಕುಡಿದು ಮಲಗುತ್ತೇವೆ. ಬಸುರಿ ಹೆಂಗಸು ಹೀಗೆ ಮಾಡಿದರೆ ಹುಟ್ಟುವ ಕೂಸೂ ಸೊರಗುತ್ತದೆ. ಅದಕ್ಕೇ ಬಸುರಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಆಹಾರ ಕೊಡಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ.

ಆ ಕಾಯ್ದೆ 2013ರದ್ದು. ಹೆಸರು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ಇದರ ಪ್ರಕಾರ ಆದ್ಯತಾ ಕಾರ್ಡಿನಲ್ಲಿ ಹೆಸರಿದ್ದ ಪ್ರತಿ ಒಬ್ಬರಿಗೆ ತಿಂಗಳಿಗೆ 5 ಕಿಲೋ ಕಾಳು. ಅಂತ್ಯೋದಯ ಕಾರ್ಡು ಇದ್ದರೆ ಮನೆಗೆ 35 ಕಿಲೋ. 2023ರ ಜನವರಿಯಿಂದ ಇದಕ್ಕೆ ಹಣ ಕೊಡಬೇಕಾಗಿಲ್ಲ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನರು ಯಾರು? 18 ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳೇ ಯಜಮಾನಿ ಎಂದು ಕಾಯ್ದೆ ಹೇಳುತ್ತದೆ.

ನಿಮ್ಮ ಮನೆಯ ಕಾರ್ಡು ತೆಗೆದು ಮೊದಲ ಹೆಸರು ಓದಿರಿ. ಆಮೇಲೆ ಮನೆಯವರ ಹೆಸರು ಒಂದೊಂದಾಗಿ ಓದಿರಿ. ಹೊಸ ಸೊಸೆಯ ಹೆಸರು, ಮೊಮ್ಮಗುವಿನ ಹೆಸರು ಸೇರಿದೆಯೇ? ಅಂಗಡಿಗೆ ಹೋದಾಗ ಬೋರ್ಡು ನೋಡಿರಿ. ಎಷ್ಟು ದಾಸ್ತಾನು ಬಂದಿದೆ, ಒಬ್ಬರಿಗೆ ಎಷ್ಟು ಕಿಲೋ ಎಂದು ಅದರ ಮೇಲೆ ಬರೆದಿರಬೇಕು. ಬರೆದಿರದಿದ್ದರೆ "ಯಾಕ ಬರದಿಲ್ಲರಿ?" ಎಂದು ಕೇಳಿರಿ.